ಶೇಕಡಾ ಎರಡರ ದೇಶವೊಂದು ಜಗತ್ತಿಗೆ ಕೊಟ್ಟದ್ದೇನು?

1997ರ ಜುಲೈ ತಿಂಗಳಲ್ಲಿ ಅಮೆರಿಕದ ಸೆನೆಟ್ ಒಂದು ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 95 ಮತಗಳು ಬಿದ್ದುವು, ವಿರುದ್ಧವಾಗಿ ಒಂದೂ ಬೀಳಲಿಲ್ಲ. ಡೆಮಾಕ್ರಟ್ ಮತ್ತು ರಿಪಬ್ಲಿಕನ್ ಪಕ್ಷಗಳು ಇಷ್ಟೊಂದು ಒಗ್ಗಟ್ಟಿನಿಂದ ಕೈಯೆತ್ತಿದ ಸಂದರ್ಭಗಳು ವಿರಳ. ಅಭಿವೃದ್ಧಿಶೀಲ ದೇಶಗಳು ಕೂಡಾ ಅದೇ ಅವಧಿಯೊಳಗೆ ತಮ್ಮ ಹೊಗೆಯನ್ನು ಕಡಿತಗೊಳಿಸಲು ಬದ್ಧವಾಗದ ಹೊರತು ಅಮೆರಿಕವು ಯಾವುದೇ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಬಾರದು ಎಂಬುದು ಆ ನಿರ್ಣಯದ ತಿರುಳು. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಹಸಿರುಮನೆ ಅನಿಲವನ್ನು ಹೊರಸೂಸುತ್ತಿದ್ದ ದೇಶ ಬೇರಾವುದೂ ಆಗಿರಲಿಲ್ಲ, ಅಮೆರಿಕವೇ ಆಗಿತ್ತು. ಅತಿ ದೊಡ್ಡ ಪಾಲುದಾರನೇ 'ಅವರು ಮಾಡದೆ ನಾವೇಕೆ ಮಾಡಬೇಕು' ಎಂದು ಕೇಳಿದ ಮೇಲೆ ಉಳಿದವರಿಗೆ ಹೇಳಲು ಬಾಕಿ ಏನುಳಿಯಿತು?

ಅಂದಿನಿಂದ ಇಂದಿನವರೆಗೂ ಈ ಪ್ರಶ್ನೆ ಬೇರೆ ಬೇರೆ ವೇಷಗಳಲ್ಲಿ ಎಲ್ಲ ರಾಜಧಾನಿಗಳಲ್ಲೂ ಸುತ್ತಾಡುತ್ತಿದೆ. ನಮ್ಮ ಪಾಲು ಕೇವಲ ಶೇಕಡಾ ಒಂದು, ನಾವು ಬದಲಾದರೆ ಜಗತ್ತು ಬದಲಾದೀತೇ ಎಂದು ಆಸ್ಟ್ರೇಲಿಯದ ರಾಜಕಾರಣಿ ಕೇಳುತ್ತಾನೆ. ನಮ್ಮದು ಶೇಕಡಾ ಎರಡಕ್ಕಿಂತಲೂ ಕಡಿಮೆ, ಚೀನಾವನ್ನು ನೋಡಿ ಎಂದು ಜರ್ಮನಿಯ ಉದ್ಯಮಿ ಹೇಳುತ್ತಾನೆ. ತಲಾವಾರು ಲೆಕ್ಕದಲ್ಲಿ ನಮ್ಮದು ವರ್ಷಕ್ಕೆ ಸುಮಾರು ಎರಡು ಟನ್ ಮಾತ್ರ, ಜಾಗತಿಕ ಸರಾಸರಿಯ ಅರ್ಧದಷ್ಟೂ ಇಲ್ಲ ಎಂದು ಭಾರತ ವಾದಿಸುತ್ತದೆ. ಒಟ್ಟು ಹೊಗೆಯಲ್ಲಿ ಶೇಕಡಾ ಒಂದರಷ್ಟೂ ಪಾಲಿಲ್ಲದ ಪಾಕಿಸ್ತಾನವು 2022ರ ಪ್ರವಾಹದಲ್ಲಿ 1,700ಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡು, ಮೂರು ಕೋಟಿಗೂ ಅಧಿಕ ಜನರ ಬದುಕು ಅಸ್ತವ್ಯಸ್ತಗೊಂಡದ್ದನ್ನು ನೋಡುತ್ತಾ ನಿಂತಿತು. ಈ ಎಲ್ಲ ಮಾತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ತಲಾ ಹದಿನಾಲ್ಕು ಟನ್ ಸುಡುವವನು ನೆಪ ಹೇಳುವುದಕ್ಕೂ ತಲಾ ಎರಡು ಟನ್‌ನವನು ನ್ಯಾಯ ಕೇಳುವುದಕ್ಕೂ ಅಜಗಜಾಂತರವಿದೆ. ಆದರೆ ಎರಡರ ಫಲಿತಾಂಶ ಒಂದೇ ಆಗಿಬಿಟ್ಟರೆ? ಎಲ್ಲರೂ ಕೈಕಟ್ಟಿ ಕುಳಿತರೆ?

ಆದ್ದರಿಂದ ಪ್ರಶ್ನೆಯನ್ನು ನೇರವಾಗಿಯೇ ಎದುರಿಸೋಣ. ಒಂದು ದೇಶದ ನೀತಿಯಿಂದ ಜಗತ್ತಿನ ಹವಾಮಾನದಲ್ಲಿ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಬರೀ ಲೆಕ್ಕದ ಪುಸ್ತಕವನ್ನು ತೆರೆದರೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಜರ್ಮನಿ ನಾಳೆ ಬೆಳಗ್ಗೆ ತನ್ನ ಎಲ್ಲ ಕಾರ್ಖಾನೆಗಳಿಗೂ ಬೀಗ ಜಡಿದು, ಎಲ್ಲ ಕಾರುಗಳನ್ನೂ ನಿಲ್ಲಿಸಿತು ಎಂದೇ ಇಟ್ಟುಕೊಳ್ಳಿ. ಜಗತ್ತಿನ ಒಟ್ಟು ಹೊಗೆಯಲ್ಲಿ ಆಗುವ ಇಳಿಕೆ ಶೇಕಡಾ ಎರಡಕ್ಕಿಂತ ಕಡಿಮೆ. ಉಳಿದ ದೇಶಗಳ ಒಂದೆರಡು ವರ್ಷಗಳ ಏರಿಕೆಯೇ ಅದನ್ನು ನುಂಗಿ ಹಾಕುತ್ತದೆ. ಇದಕ್ಕೆ ಉತ್ತರವಾಗಿ, ಶೇಕಡಾ ಎರಡಕ್ಕಿಂತ ಕಡಿಮೆ ಪಾಲಿರುವ ದೇಶಗಳನ್ನೆಲ್ಲ ಕೂಡಿಸಿದರೆ ಅದು ಒಟ್ಟು ಹೊಗೆಯ ಸುಮಾರು ಮೂರನೇ ಒಂದು ಭಾಗವಾಗುತ್ತದೆ ಎಂದು ಕೆಲವರು ಹೇಳುವುದುಂಟು. ಮಾತು ಸರಿಯೇ. ಆದರೆ ಅದು ಉಪದೇಶವಾಗುತ್ತದೆಯೇ ಹೊರತು ವಾದವಾಗುವುದಿಲ್ಲ. ನೂರಾರು ಸರಕಾರಗಳು ಒಂದೇ ದಿನ ಸದ್ಬುದ್ಧಿ ತಾಳುತ್ತವೆ ಎಂದು ನಂಬಿ ಯಾರೂ ನೀತಿ ರೂಪಿಸಲಾರರು.

ವಾಸ್ತವದಲ್ಲಿ ತಪ್ಪಿರುವುದು ಪ್ರಶ್ನೆಯಲ್ಲಿಯೇ. ಒಂದು ದೇಶದ ನೀತಿಯನ್ನು ಆ ದೇಶ ಎಷ್ಟು ಟನ್ ಹೊಗೆಯನ್ನು ಕಡಿತ ಮಾಡಿತು ಎಂಬುದರಿಂದ ಅಳೆಯುವುದು ಅರ್ಧ ಅಳತೆ ಮಾತ್ರ. ಆ ನೀತಿಯಿಂದಾಗಿ ಇತರ ದೇಶಗಳಿಗೆ ಏನು ಸುಲಭವಾಯಿತು, ಏನು ಅಗ್ಗವಾಯಿತು, ಯಾವುದರಿಂದ ತಪ್ಪಿಸಿಕೊಳ್ಳುವುದು ಕಷ್ಟವಾಯಿತು ಎಂಬುದನ್ನೂ ನೋಡಬೇಕು. ಇದಕ್ಕೆ ಜರ್ಮನಿಗಿಂತ ಉತ್ತಮ ನಿದರ್ಶನ ಬೇರೊಂದಿಲ್ಲ.

ಜರ್ಮನಿಯು ಬಿಸಿಲಿನ ದೇಶವೇನೂ ಅಲ್ಲ. ವರ್ಷದ ಹಲವು ತಿಂಗಳು ಅಲ್ಲಿ ಮೋಡ ಮುಸುಕಿರುತ್ತದೆ. ಸೌರ ಫಲಕಗಳನ್ನು ಕಂಡುಹಿಡಿದವರೂ ಅವರಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಳಕೆಗೆ ಯೋಗ್ಯವಾದ ಸಿಲಿಕಾನ್ ಸೌರಕೋಶ ತಯಾರಾಯಿತು. ಆ ಬಳಿಕ ಹಲವು ದಶಕಗಳ ಕಾಲ ಅದು ಉಪಗ್ರಹಗಳಿಗೆ, ಕ್ಯಾಲ್ಕುಲೇಟರ್‌ಗಳಿಗೆ ಮತ್ತು ಶ್ರೀಮಂತರ ಹವ್ಯಾಸಕ್ಕೆ ಮೀಸಲಾಗಿ ಉಳಿಯಿತು. ತುಟ್ಟಿಯಾದ ಕಾರಣ ಯಾರೂ ಕೊಳ್ಳುತ್ತಿರಲಿಲ್ಲ, ಯಾರೂ ಕೊಳ್ಳದ ಕಾರಣ ಅದು ಅಗ್ಗವಾಗುತ್ತಿರಲಿಲ್ಲ. ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1979ರಲ್ಲಿ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ ಸೌರ ಉಪಕರಣಗಳನ್ನು ಇರಿಸಿದರು. ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ, 1986ರಲ್ಲಿ, ಅವು ಕೆಳಗಿಳಿದವು. ಇದು ಕೂಡಾ ಒಂದು ದೇಶದ ನೀತಿಯೇ. ಇದರ ಪರಿಣಾಮವನ್ನೂ ಜಗತ್ತೇ ಅನುಭವಿಸಿತು.

ಜರ್ಮನಿಯ ಬದಲಾವಣೆಯು ಬರ್ಲಿನ್‌ನಿಂದ ಆರಂಭವಾದುದಲ್ಲ ಎಂಬುದು ಗಮನಾರ್ಹ. 1990ರ ದಶಕದಲ್ಲಿ ಹ್ಯಾಮೆಲ್‌ಬುರ್ಗ್, ಆಖೆನ್‌ನಂತಹ ಕೆಲವು ಊರುಗಳ ನಗರಸಭೆಗಳು ತಮ್ಮ ವ್ಯಾಪ್ತಿಯಲ್ಲಿ ಒಂದು ಪ್ರಯೋಗ ಮಾಡಿದುವು. ಯಾರಾದರೂ ತಮ್ಮ ಮನೆಯ ಮಾಡಿನ ಮೇಲೆ ಸೌರ ವಿದ್ಯುತ್ ಉತ್ಪಾದಿಸಿದರೆ, ಅದರ ಖರ್ಚು ಹುಟ್ಟುವಷ್ಟು ದರವನ್ನು ವಿದ್ಯುತ್ ಸಂಸ್ಥೆಯೇ ಕೊಡಬೇಕು ಎಂಬುದು ಆ ಏರ್ಪಾಡು. ಹ್ಯಾಮೆಲ್‌ಬುರ್ಗ್‌ನ ನಗರಸಭಾ ಸದಸ್ಯರಾಗಿದ್ದ ಹಾನ್ಸ್ ಯೋಸೆಫ್ ಫೆಲ್ ಮುಂದೆ ಸಂಸತ್ತಿಗೆ ಆಯ್ಕೆಯಾದರು. ಸೋಶಿಯಲ್ ಡೆಮಾಕ್ರಟ್ ಪಕ್ಷದ ಹೆರ್ಮನ್ ಶೇರ್ ಅವರೊಂದಿಗೆ ಸೇರಿ ಅದೇ ಏರ್ಪಾಡನ್ನು ರಾಷ್ಟ್ರೀಯ ಕಾಯ್ದೆಯಾಗಿ ರೂಪಿಸಿದರು. 2000ದ ಎಪ್ರಿಲ್ 1ರಂದು ಅದು ಜಾರಿಗೆ ಬಂತು.

ಕಾಯ್ದೆ ಸರಳವಾಗಿತ್ತು. ಬಿಸಿಲು ಅಥವಾ ಗಾಳಿಯಿಂದ ಯಾರೇ ವಿದ್ಯುತ್ ಉತ್ಪಾದಿಸಲಿ, ಜಾಲದ ಕಂಪೆನಿ ಅದನ್ನು ಮೊದಲು ಕೊಳ್ಳಬೇಕು. ಇಪ್ಪತ್ತು ವರ್ಷಗಳ ತನಕ ನಿಗದಿತ ದರ ಕೊಡಬೇಕು. ಆರಂಭದಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್‌ಗೆ ಸುಮಾರು 51 ಯೂರೋ ಸೆಂಟ್. ಇದಕ್ಕೆ ಸರಕಾರದ ಖಜಾನೆಯಿಂದ ಒಂದು ಸೆಂಟ್ ಕೂಡಾ ಹೋಗುವುದಿಲ್ಲ. ಹೆಚ್ಚುವರಿ ವೆಚ್ಚವನ್ನು ಎಲ್ಲ ಬಳಕೆದಾರರ ಬಿಲ್ಲಿನಲ್ಲಿ ಹಂಚಲಾಗುತ್ತದೆ. ಇಪ್ಪತ್ತು ವರ್ಷಗಳ ಖಾತರಿ ಇದ್ದುದರಿಂದ ಬ್ಯಾಂಕುಗಳು ಧೈರ್ಯದಿಂದ ಸಾಲ ಕೊಟ್ಟುವು. ರೈತ ತನ್ನ ದನದ ಕೊಟ್ಟಿಗೆಯ ಮೇಲೆ ಫಲಕ ಹಾಕಿದ, ಶಾಲಾ ಶಿಕ್ಷಕ ತನ್ನ ಮನೆಯ ಮೇಲೆ ಹಾಕಿದ. ಇನ್ನೊಂದು ಜಾಣ್ಮೆಯ ಅಂಶ ಆ ಕಾಯ್ದೆಯಲ್ಲಿತ್ತು. ಹೊಸದಾಗಿ ಹಾಕುವವರಿಗೆ ಸಿಗುವ ದರ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. ಅಂದರೆ, ಫಲಕ ತಯಾರಿಸುವವನು ತನ್ನ ವೆಚ್ಚವನ್ನು ಇಳಿಸದಿದ್ದರೆ ಮುಂದಿನ ವರ್ಷ ಗಿರಾಕಿ ಸಿಗಲಾರ.

ದೊಡ್ಡ ವಿದ್ಯುತ್ ಕಂಪೆನಿಗಳು ಸುಮ್ಮನಿರಲಿಲ್ಲ. ಬಿಸಿಲು, ಗಾಳಿ, ನೀರಿನಿಂದ ದೀರ್ಘಾವಧಿಯಲ್ಲೂ ಶೇಕಡಾ 4ಕ್ಕಿಂತ ಹೆಚ್ಚು ವಿದ್ಯುತ್ ಒದಗಿಸಲು ಸಾಧ್ಯವಿಲ್ಲವೆಂದು 1993ರಲ್ಲಿ ಅವು ಪತ್ರಿಕೆಗಳಲ್ಲಿ ಜಾಹೀರಾತು ನೀಡಿದ್ದುವು. ಆ ಬಳಿಕ ಇಂತಹ ದರ ನಿಗದಿಯ ವಿರುದ್ಧದ ಹೋರಾಟ ಯುರೋಪಿಯನ್ ನ್ಯಾಯಾಲಯದ ತನಕ ಹೋಯಿತು. 2001ರಲ್ಲಿ ಅಲ್ಲಿಯೂ ಕಂಪೆನಿಗೆ ಸೋಲಾಯಿತು. ಇಂದು ಜರ್ಮನಿ ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನವೀಕರಿಸಬಹುದಾದ ಮೂಲಗಳದ್ದು. ಶೇಕಡಾ ನಾಲ್ಕು ಎಂದು ಬರೆಸಿದವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

2010ರ ಕೊನೆಗೆ ಜಗತ್ತಿನಲ್ಲಿ ಸ್ಥಾಪನೆಯಾಗಿದ್ದ ಒಟ್ಟು ಸೌರ ಫಲಕಗಳ ಪೈಕಿ ಸುಮಾರು ಐದರಲ್ಲಿ ಎರಡು ಪಾಲು ಈ ಮೋಡ ಮುಸುಕಿದ ದೇಶದಲ್ಲಿತ್ತು. ಆ ಬೇಡಿಕೆಯನ್ನು ಪೂರೈಸಿದವರು ಯಾರು? ಇಲ್ಲಿ ಕಥೆ ಚೀನಾಕ್ಕೆ ಹೊರಳುತ್ತದೆ. ಆಸ್ಟ್ರೇಲಿಯದ ವಿಶ್ವವಿದ್ಯಾನಿಲಯವೊಂದರಲ್ಲಿ ಮಾರ್ಟಿನ್ ಗ್ರೀನ್ ಎಂಬ ಪ್ರಾಧ್ಯಾಪಕರ ಬಳಿ ಸಂಶೋಧನೆ ಮಾಡಿದ್ದ ಶಿ ಝೆಂಗ್‌ರೋಂಗ್ ತಾಯ್ನಾಡಿಗೆ ಮರಳಿ, 2001ರಲ್ಲಿ ವೂಶಿ ನಗರದಲ್ಲಿ ಸನ್‌ಟೆಕ್ ಎಂಬ ಕಂಪೆನಿಯನ್ನು ಆರಂಭಿಸಿದರು. ಬಂಡವಾಳ ಹೂಡಲು ಅಲ್ಲಿನ ಸ್ಥಳೀಯ ಆಡಳಿತ ಮುಂದಾಯಿತು. ಯಂತ್ರಗಳನ್ನು ಮಾರಲು ಜರ್ಮನ್ ಕಂಪೆನಿಗಳು ಮುಂದಾದುವು. ಫಲಕಗಳನ್ನು ಕೊಳ್ಳಲು ಜರ್ಮನಿಯ ಮಾರುಕಟ್ಟೆ ತೆರೆದಿತ್ತು. ಅವರ ಬೆನ್ನಿಗೇ ಹತ್ತಾರು ಕಂಪೆನಿಗಳು ಎದ್ದು ನಿಂತುವು. ಒಟ್ಟು ಉತ್ಪಾದನೆ ಇಮ್ಮಡಿಯಾದಾಗಲೆಲ್ಲ ಫಲಕದ ಬೆಲೆ ಸುಮಾರು ಶೇಕಡಾ 20ರಷ್ಟು ಇಳಿಯುತ್ತದೆ ಎಂಬುದು ಈ ಉದ್ಯಮದ ಅನುಭವ. ಇಮ್ಮಡಿಯ ಮೇಲೆ ಇಮ್ಮಡಿಯಾಗುತ್ತಾ ಹೋಯಿತು. 2000ದ ಸುಮಾರಿಗೆ ಒಂದು ವಾಟ್‌ಗೆ 5 ಡಾಲರ್‌ನಷ್ಟಿದ್ದ ಫಲಕದ ಬೆಲೆ 2024ರಲ್ಲಿ 10 ಸೆಂಟ್‌ನ ಆಸುಪಾಸಿಗೆ ಬಂದು ನಿಂತಿತು.

ಈ ಪಯಣದಲ್ಲಿ ಮಾರ್ಗದರ್ಶಕರೇ ನೆಲಕಚ್ಚಿದ್ದು ಬೇರೆ ಮಾತು. ಒಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಸೌರಕೋಶ ತಯಾರಕನಾಗಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲಿ ದಿವಾಳಿಯಾಯಿತು. ಮರುವರ್ಷ ವೂಶಿಯ ಸನ್‌ಟೆಕ್ ಕೂಡಾ ಅದೇ ದಾರಿ ಹಿಡಿಯಿತು. ಹೂಡಿದವರು ಸೋತರು, ಕೊಳ್ಳುವವರು ಗೆದ್ದರು.

ಜರ್ಮನಿಯೊಂದೇ ಇದನ್ನೆಲ್ಲ ಮಾಡಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಜಪಾನ್ 1974ರಿಂದಲೇ ಸೌರಶಕ್ತಿಯ ಸಂಶೋಧನೆಗೆ ಹಣ ಹಾಕಿತ್ತು. 1994ರಿಂದ ಮನೆಗಳಿಗೆ ಸಹಾಯಧನ ಕೊಟ್ಟಿತ್ತು. ಡೆನ್ಮಾರ್ಕ್ ಗಾಳಿಯಂತ್ರಗಳ ವಿಷಯದಲ್ಲಿ ಇಂತಹದೇ ಕೆಲಸ ಮಾಡಿತು. ಸ್ಪೇನ್, ಇಟಲಿ ಬಳಿಕ ಕೂಡಿಕೊಂಡುವು. ಚೀನಾದ ಅಗಾಧ ಬಂಡವಾಳ ಮತ್ತು ದುಡಿಮೆ ಇಲ್ಲದಿರುತ್ತಿದ್ದರೆ ಬೆಲೆ ಈ ಮಟ್ಟಕ್ಕೆ ಇಳಿಯುತ್ತಿರಲಿಲ್ಲ. ಆದರೆ ನಿರ್ಣಾಯಕವಾದ ಆ ಒಂದು ದಶಕದಲ್ಲಿ, ಯಾರೂ ಕೊಳ್ಳದ ವಸ್ತುವನ್ನು ದುಬಾರಿ ಬೆಲೆ ತೆತ್ತು ಕೊಳ್ಳುವ ಗಿರಾಕಿಯಾಗಿ ಎಲ್ಲರಿಗಿಂತ ಮುಂದೆ ನಿಂತದ್ದು ಜರ್ಮನಿ.

ಆ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಮಾತ್ರ ನಮ್ಮ ಪರಿಸರವಾದಿಗಳು ಅಷ್ಟಾಗಿ ಹೇಳುವುದಿಲ್ಲ. ಇದರ ಭಾರ ಒಂದು ಕುಟುಂಬಕ್ಕೆ ತಿಂಗಳಿಗೆ ಒಂದು ಐಸ್‌ಕ್ರೀಮ್‌ನ ಬೆಲೆಗಿಂತ ಹೆಚ್ಚಾಗದು ಎಂದು ಪರಿಸರ ಸಚಿವ ಯೂರ್ಗೆನ್ ಟ್ರಿಟಿನ್ 2004ರಲ್ಲಿ ಭರವಸೆ ನೀಡಿದ್ದರು. 2017ರಲ್ಲಿ ಈ ಹೆಚ್ಚುವರಿ ಶುಲ್ಕ ಯೂನಿಟ್‌ಗೆ 6.88 ಸೆಂಟ್‌ಗೆ ಏರಿತು. ವರ್ಷಕ್ಕೆ 3,500 ಯೂನಿಟ್ ಬಳಸುವ ಕುಟುಂಬವೊಂದಕ್ಕೆ ಇದು ಸುಮಾರು 240 ಯೂರೋ. ಐಸ್‌ಕ್ರೀಮ್ ಬಹಳ ದುಬಾರಿಯಾಯಿತು! ಅಷ್ಟೇ ಅಲ್ಲ, ಹೆಚ್ಚು ವಿದ್ಯುತ್ ಬಳಸುವ ಬೃಹತ್ ಕೈಗಾರಿಕೆಗಳಿಗೆ ಈ ಶುಲ್ಕದಿಂದ ಬಹುತೇಕ ವಿನಾಯಿತಿ ಸಿಕ್ಕಿತು. ಸ್ವಂತ ಮಾಡು ಇದ್ದವನಿಗೆ ಇಪ್ಪತ್ತು ವರ್ಷ ಆದಾಯ. ಬಾಡಿಗೆ ಮನೆಯಲ್ಲಿದ್ದ ಟರ್ಕಿ ಮೂಲದ ಕಾರ್ಮಿಕನೋ ಪಿಂಚಣಿಯಲ್ಲಿ ಬದುಕುವ ವೃದ್ಧೆಯೋ ಅದಕ್ಕೆ ಪ್ರತಿ ತಿಂಗಳು ಬಿಲ್ ಕಟ್ಟಬೇಕು. 2022ರ ಜುಲೈಯಲ್ಲಿ ಶುಲ್ಕವನ್ನು ರದ್ದುಪಡಿಸಿ, ಸರಕಾರವೇ ಆ ವೆಚ್ಚವನ್ನು ವಹಿಸಿಕೊಂಡಿತು. ಆದರೆ ಅಲ್ಲಿಯ ತನಕ ಜಗತ್ತಿಗೆ ಸೌರಶಕ್ತಿಯನ್ನು ಅಗ್ಗ ಮಾಡಿಕೊಟ್ಟ ಖರ್ಚಿನ ದೊಡ್ಡದೊಂದು ಪಾಲು ಜರ್ಮನಿಯ ಸಾಮಾನ್ಯ ಕುಟುಂಬಗಳ ಜೇಬಿನಿಂದ ಹೋಗಿತ್ತು.

ಫಲ ಸಿಕ್ಕಿದ್ದು ಎಲ್ಲಿ? ನಮ್ಮ ದೇಶವನ್ನೇ ನೋಡಿ. 2010ರಲ್ಲಿ ಭಾರತ ರಾಷ್ಟ್ರೀಯ ಸೌರ ಮಿಷನ್ ಆರಂಭಿಸಿದಾಗ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ನಿಗದಿಪಡಿಸಿದ್ದ ದರ ಯೂನಿಟ್‌ಗೆ 17 ರೂಪಾಯಿ 91 ಪೈಸೆ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂಪಾಯಿ 44 ಪೈಸೆಗೆ ಬಿಡ್ ಬಂತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಅದು 1 ರೂಪಾಯಿ 99 ಪೈಸೆಗೆ ಇಳಿಯಿತು. ನಮ್ಮ ಬಿಸಿಲು, ಕಡಿಮೆ ಬಡ್ಡಿಯ ಸಾಲ, ಹರಾಜಿನ ಪೈಪೋಟಿ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಫಲಕದ ಬೆಲೆ ಕುಸಿಯದೆ ಇದಾವುದೂ ಸಾಧ್ಯವಾಗುತ್ತಿರಲಿಲ್ಲ. ತುಮಕೂರು ಜಿಲ್ಲೆಯ ಪಾವಗಡ ಪದೇ ಪದೇ ಬರಕ್ಕೆ ತುತ್ತಾಗುವ ತಾಲೂಕು. ಅಲ್ಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ತಲೆಯೆತ್ತಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ದರದಿಂದ ಆರಂಭ; ಜಮೀನು ರೈತನ ಹೆಸರಿನಲ್ಲಿಯೇ ಉಳಿಯುತ್ತದೆ. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿಗೆ ದುಡಿಯುತ್ತಿದ್ದವರಿಗೆ ಗುತ್ತಿಗೆಯ ಹಣವಿಲ್ಲ, ಹಿಂದಿನ ಕೂಲಿಯೂ ಇಲ್ಲ. ಜರ್ಮನಿಯ ಬಾಡಿಗೆದಾರನ ಕಥೆಯೇ ಇಲ್ಲಿ ಬೇರೆ ರೂಪದಲ್ಲಿ ಮರುಕಳಿಸಿತು.

ಇದಕ್ಕಿಂತಲೂ ಕುತೂಹಲಕರವಾದುದು ಪಾಕಿಸ್ತಾನದ ಬೆಳವಣಿಗೆ. ಅದರ ಹಿಂದಿದ್ದುದು ಸರಕಾರದ ಮಹಾ ಸೌರ ಯೋಜನೆಯೇನಲ್ಲ. ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಶರತ್ತುಗಳ ನಡುವೆ ವಿದ್ಯುತ್ ದರ ಏರುತ್ತಾ ಹೋಯಿತು, ಜೊತೆಗೆ ಪದೇ ಪದೇ ವಿದ್ಯುತ್ ಕಡಿತ. ಬೇಸತ್ತ ಜನ ತಾವಾಗಿಯೇ ಚೀನಾದ ಫಲಕಗಳನ್ನು ಕೊಂಡು ಮಾಡಿಗೇರಿಸಿದರು. 2024ರ ಒಂದೇ ವರ್ಷದಲ್ಲಿ ಆ ದೇಶ ಆಮದು ಮಾಡಿಕೊಂಡ ಫಲಕಗಳ ಸಾಮರ್ಥ್ಯ ಸುಮಾರು 17 ಗಿಗಾವಾಟ್. ಅಂದರೆ ಪಾವಗಡದಂತಹ ಎಂಟು ಉದ್ಯಾನಗಳು! ಲಾಹೋರಿನ ಅಂಗಡಿಯಾತನಿಗೆ ಹೆರ್ಮನ್ ಶೇರ್ ಯಾರೆಂದು ಗೊತ್ತಿರಬೇಕಾಗಿಲ್ಲ. ಆತ ಹವಾಮಾನದ ಬಗ್ಗೆ ಯೋಚಿಸಿಯೇ ಇರಲಿಕ್ಕಿಲ್ಲ. ಬಿಲ್ ಕಡಿಮೆಯಾಗಬೇಕು, ಫ್ಯಾನ್ ತಿರುಗಬೇಕು, ಅಷ್ಟೇ. ಒಂದು ದೇಶದ ಕಾಯ್ದೆಯು ಇನ್ನೊಂದು ದೇಶದ ಜನರನ್ನು ಮುಟ್ಟುವುದು ಹೀಗೆ. ಅದಕ್ಕೆ ಒಪ್ಪಂದ ಬೇಕಿಲ್ಲ, ಶೃಂಗಸಭೆ ಬೇಕಿಲ್ಲ, ಒಪ್ಪಿಗೆಯೂ ಬೇಕಿಲ್ಲ. ಮಾತ್ರ, ಫಲಕ ಕೊಳ್ಳಲು ಹಣವಿಲ್ಲದೆ ಜಾಲದ ವಿದ್ಯುತ್ತನ್ನೇ ನಂಬಿದ ಬಡವನ ಮೇಲೆ ಹಳೆಯ ಸ್ಥಾವರಗಳ ಸಾಲದ ಭಾರ ಇನ್ನಷ್ಟು ಬೀಳುತ್ತಿದೆ ಎಂಬುದೂ ಅಷ್ಟೇ ಸತ್ಯ.

ಹಾಗಂತ ಜರ್ಮನಿಯನ್ನು ಹೊಗಳುವ ಅಗತ್ಯವಿಲ್ಲ. 1990ಕ್ಕೆ ಹೋಲಿಸಿದರೆ ಅದರ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿದೆ, ನಿಜ. ಆದರೆ ಅಂತಹ ದೇಶವೇ 2023ರ ಜನವರಿಯಲ್ಲಿ ಲ್ಯುಟ್ಸೆರಾಟ್ ಎಂಬ ಹಳ್ಳಿಯಿಂದ ಪ್ರತಿಭಟನಾಕಾರರನ್ನು ಪೊಲೀಸರ ಮೂಲಕ ಹೊರಹಾಕಿತು, ಹಳ್ಳಿಯ ಅಡಿಯಲ್ಲಿರುವ ಕಲ್ಲಿದ್ದಲಿಗಾಗಿ. ಕಲ್ಲಿದ್ದಲು ಉರಿಯುತ್ತಿರುವಾಗಲೇ ಅದೇ ವರ್ಷದ ಎಪ್ರಿಲ್‌ನಲ್ಲಿ ಕೊನೆಯ ಅಣು ಸ್ಥಾವರಗಳನ್ನು ಮುಚ್ಚಿತು. ಪೆಟ್ರೋಲ್-ಡೀಸೆಲ್ ಕಾರುಗಳ ಮಾರಾಟವನ್ನು 2035ರ ಬಳಿಕ ನಿಲ್ಲಿಸುವ ಯುರೋಪಿಯನ್ ಒಕ್ಕೂಟದ ನಿಯಮಕ್ಕೆ ಕೊನೆಯ ಗಳಿಗೆಯಲ್ಲಿ ಅಡ್ಡ ನಿಂತದ್ದೂ ಜರ್ಮನಿಯೇ. ಇನ್ನು ಜಾಗತಿಕ ಲೆಕ್ಕಕ್ಕೆ ಬಂದರೆ, 1990ರಲ್ಲಿ ಪಳೆಯುಳಿಕೆ ಇಂಧನಗಳಿಂದ ವರ್ಷಕ್ಕೆ ಸುಮಾರು 2,300 ಕೋಟಿ ಟನ್ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 3,700 ಕೋಟಿ ಟನ್ ದಾಟಿದೆ. ಜಗತ್ತಿನ ವಿದ್ಯುತ್ತಿನಲ್ಲಿ ಬಿಸಿಲಿನ ಪಾಲು 2024ರಲ್ಲಿ ಸುಮಾರು ಶೇಕಡಾ 7. ಅಗ್ಗವಾದ ಫಲಕವು ತಾನಾಗಿಯೇ ಕಲ್ಲಿದ್ದಲಿನ ಕುಲುಮೆಯನ್ನು ಆರಿಸುವುದಿಲ್ಲ. ಅದನ್ನು ಆರಿಸಲು ಬೇರೆಯೇ ನಿರ್ಧಾರ ಬೇಕು.

ಆದರೆ ಹಣವೂ ಮಾರುಕಟ್ಟೆಯೂ ಇಲ್ಲದ ದೇಶ ಏನು ಮಾಡಬೇಕು? ಸಮುದ್ರಮಟ್ಟ ಏರುತ್ತಿರುವುದರಿಂದ ನೆಲವನ್ನೇ ಕಳೆದುಕೊಳ್ಳುವ ಭೀತಿಯಲ್ಲಿರುವ ಮಾಲ್ದೀವ್ಸ್ 2009ರಲ್ಲಿ, ಹತ್ತು ವರ್ಷಗಳಲ್ಲಿ ತಾನು ಇಂಗಾಲಮುಕ್ತವಾಗುವುದಾಗಿ ಘೋಷಿಸಿತು. ಅಧ್ಯಕ್ಷ ಮುಹಮ್ಮದ್ ನಶೀದ್ ಆ ವರ್ಷದ ಅಕ್ಟೋಬರ್‌ನಲ್ಲಿ ಸಮುದ್ರದಡಿಯಲ್ಲಿ ಸಂಪುಟ ಸಭೆ ನಡೆಸಿ ಜಗತ್ತಿನ ಗಮನ ಸೆಳೆದರು. ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದುವು. ಇಂಗಾಲಮುಕ್ತಿಯ ಗುರಿ ಈಡೇರಲಿಲ್ಲ. ಈಡೇರಿದ್ದರೂ ವಾತಾವರಣಕ್ಕೆ ಅದು ಗೊತ್ತಾಗುತ್ತಿರಲಿಲ್ಲ.

ಪೆಸಿಫಿಕ್ ಸಾಗರದ ವನುವಾಟು ಬೇರೆ ದಾರಿ ಹಿಡಿಯಿತು. ಮಂಗಳೂರು ನಗರಕ್ಕಿಂತಲೂ ಕಡಿಮೆ ಜನಸಂಖ್ಯೆಯ, ಸುಮಾರು ಮೂರು ಲಕ್ಷ ಜನರ ದೇಶವದು. 2019ರಲ್ಲಿ ಅಲ್ಲಿ ಕಲಿಯುತ್ತಿದ್ದ ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆಗಾರಿಕೆಯೇನೆಂದು ಅಂತಾರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂಬ ವಿಚಾರವನ್ನು ಮುಂದಿಟ್ಟರು. ಸರಕಾರ ಅದನ್ನು ಕೈಗೆತ್ತಿಕೊಂಡಿತು. 130ಕ್ಕೂ ಹೆಚ್ಚು ದೇಶಗಳು ಬೆಂಬಲಕ್ಕೆ ಬಂದುವು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮತದಾನವಿಲ್ಲದೆ ಠರಾವು ಅಂಗೀಕರಿಸಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ನೀಡಿತು. ಹವಾಮಾನಕ್ಕೆ ಗಣನೀಯ ಹಾನಿಯಾಗದಂತೆ ತಡೆಯುವುದು ದೇಶಗಳ ಕಾನೂನುಬದ್ಧ ಕರ್ತವ್ಯ; ಅದನ್ನು ಮೀರಿದರೆ ಪರಿಹಾರ ನೀಡಬೇಕಾದ ಹೊಣೆಯೂ ಬರಬಹುದು ಎಂದಿತು. ನಮ್ಮ ಚರ್ಚೆಗೆ ಅತ್ಯಂತ ಮುಖ್ಯವಾದ ಅಂಶ ಇನ್ನೊಂದಿದೆ. ಹಲವು ದೇಶಗಳು ಸೇರಿ ಮಾಡಿದ ಹಾನಿ ಎಂಬ ಕಾರಣಕ್ಕೆ ಒಂದು ದೇಶದ ಹೊಣೆಯನ್ನು ಪ್ರತ್ಯೇಕವಾಗಿ ಪ್ರಶ್ನಿಸಲು ಅಡ್ಡಿಯಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಎಲ್ಲರೂ ಮಾಡಿದ್ದಾರೆ, ನನ್ನೊಬ್ಬನನ್ನೇಕೆ ಹಿಡಿಯುತ್ತೀರಿ ಎಂಬ ಹಳೆಯ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕೇ? ಇದು ಸಲಹಾತ್ಮಕ ಅಭಿಪ್ರಾಯ, ಯಾರ ಮೇಲೂ ಬಲವಂತವಿಲ್ಲ ಎಂಬುದು ನಿಜ. ಆದರೆ ಇನ್ನು ಮುಂದೆ ಯಾವುದೇ ದೇಶದ ನ್ಯಾಯಾಲಯದಲ್ಲಿ ಇಂತಹ ವ್ಯಾಜ್ಯ ಬಂದಾಗ ವಕೀಲರು ಇದನ್ನು ಎತ್ತಿ ತೋರಿಸುವುದನ್ನು ತಡೆಯಲಾಗದು.

ಒಂದು ದೇಶ ಒಳಿತು ಮಾಡಬಲ್ಲುದಾದರೆ ಕೆಡುಕನ್ನೂ ಮಾಡಬಲ್ಲುದು. 2001ರಲ್ಲಿ ಜಾರ್ಜ್ ಬುಶ್ ಕ್ಯೋಟೋ ಒಪ್ಪಂದವನ್ನು ತಿರಸ್ಕರಿಸಿದರು. 2017ರಲ್ಲಿ ಡೊನಾಲ್ಡ್ ಟ್ರಂಪ್ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಸಾರಿದರು. ಬೈಡನ್ ಮರಳಿ ಸೇರಿಸಿದರು. 2025ರ ಜನವರಿಯಲ್ಲಿ ಅಧಿಕಾರಕ್ಕೆ ಮರಳಿದ ಮೊದಲ ದಿನವೇ ಟ್ರಂಪ್ ಪುನಃ ನಿರ್ಗಮನದ ಆದೇಶಕ್ಕೆ ಸಹಿ ಹಾಕಿದರು. ಇದೇ ಅಮೆರಿಕ, ಭಾರತದ ಸೌರ ಮಿಷನ್‌ನಲ್ಲಿ ದೇಶೀಯ ಫಲಕಗಳಿಗೆ ಆದ್ಯತೆ ನೀಡಿದ್ದನ್ನು ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಪ್ರಶ್ನಿಸಿ 2016ರಲ್ಲಿ ಗೆದ್ದಿತ್ತು. ತಾನೂ ಮಾಡಲಾರೆ, ಇನ್ನೊಬ್ಬ ತನ್ನ ರೀತಿಯಲ್ಲಿ ಮಾಡಲೂ ಬಿಡಲಾರೆ ಎಂಬ ಧೋರಣೆಗೆ ಏನೆನ್ನಬೇಕು?

ಇನ್ನು ನಮ್ಮ ದೇಶದ ವಿಷಯ. ತಲಾವಾರು ಲೆಕ್ಕವನ್ನು ಮುಂದಿಟ್ಟು ಭಾರತ ನ್ಯಾಯ ಕೇಳುವುದು ಸರಿಯಾಗಿಯೇ ಇದೆ, ಅದನ್ನು ಬಿಟ್ಟುಕೊಡಬಾರದು. ಆದರೆ ಒಟ್ಟು ಪ್ರಮಾಣದಲ್ಲಿ ನಾವು ಜಗತ್ತಿನಲ್ಲಿ ಮೂರನೆಯವರು. 2025ರ ಮಧ್ಯಭಾಗದಲ್ಲಿ ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳದ್ದಾಯಿತೆಂದು ಸರಕಾರ ಸಂಭ್ರಮಿಸಿತು. 2030ರ ಗುರಿಯನ್ನು ಐದು ವರ್ಷ ಮೊದಲೇ ತಲುಪಿದ್ದು ಸಣ್ಣ ಸಾಧನೆಯಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ರಾತ್ರಿ ಬಿಸಿಲಿಲ್ಲ. ನಾವು ನಿಜವಾಗಿ ಉರಿಸುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಈಗಲೂ ಶೇಕಡಾ 70ರ ಆಸುಪಾಸಿನಲ್ಲಿದೆ. ಸಚಿವರ ಭಾಷಣಗಳಲ್ಲಿ ಈ ಎರಡು ಅಂಕಿಗಳು ಒಟ್ಟಿಗೆ ಬರುವುದು ಅಪರೂಪ.

ಬೆಲೆ ಇಳಿಸುವ ಶಕ್ತಿ ನಮಗೂ ಇದೆ ಎಂಬುದಕ್ಕೆ ಪುರಾವೆ ನಮ್ಮ ಮನೆಗಳಲ್ಲಿಯೇ ಉರಿಯುತ್ತಿದೆ. 2014ರ ಆರಂಭದಲ್ಲಿ ಸರಕಾರಿ ಸಂಸ್ಥೆ ಒಂದು ಎಲ್‌ಇಡಿ ಬಲ್ಬನ್ನು ಕೊಳ್ಳಲು ತೆತ್ತ ಬೆಲೆ ಸುಮಾರು 310 ರೂಪಾಯಿ. 2015ರಲ್ಲಿ ಉಜಾಲಾ ಯೋಜನೆ ಆರಂಭವಾಗಿ ಕೋಟಿಗಟ್ಟಲೆ ಬಲ್ಬುಗಳಿಗೆ ಒಟ್ಟಾಗಿ ಟೆಂಡರ್ ಕರೆಯತೊಡಗಿದ ಬಳಿಕ, 2016ರ ವೇಳೆಗೆ ಅದು 38 ರೂಪಾಯಿಗೆ ಇಳಿಯಿತು. ಈವರೆಗೆ 36 ಕೋಟಿಗೂ ಅಧಿಕ ಬಲ್ಬುಗಳು ವಿತರಣೆಯಾಗಿವೆ. ವಿದ್ಯುತ್ ಕಚೇರಿಯ ಕೌಂಟರಿನ ಮುಂದೆ ಸಾಲು ನಿಂತು ಬಲ್ಬು ಕೊಂಡವರಿಗೆ ಬಾಡಿಗೆದಾರ, ಮನೆಯೊಡೆಯ ಎಂಬ ಭೇದವಿರಲಿಲ್ಲ. ಬಲ್ಬಿನಲ್ಲಿ ಸಾಧ್ಯವಾದದ್ದು ವಿದ್ಯುತ್ ಶೇಖರಿಸುವ ಬ್ಯಾಟರಿಯಲ್ಲಿ, ಬಸ್ಸಿನಲ್ಲಿ, ಕಡಿಮೆ ವಿದ್ಯುತ್ ನುಂಗುವ ಏಸಿಯಲ್ಲಿ ಏಕೆ ಸಾಧ್ಯವಾಗಬಾರದು? ಬಾಂಗ್ಲಾದೇಶವೂ ಆಫ್ರಿಕಾದ ದೇಶಗಳೂ ನಾಳೆ ಕೊಳ್ಳುವುದು ಅಗ್ಗವಾದುದನ್ನು. ಅಗ್ಗವಾಗುವುದು ಯಾವುದು ಎಂಬುದು ಭಾರತದಂತಹ ದೊಡ್ಡ ಗಿರಾಕಿಯ ಇಂದಿನ ಆಯ್ಕೆಯನ್ನೂ ಅವಲಂಬಿಸಿದೆ.

2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಫಲಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಆದರೆ ಅದು ಸ್ವಂತ ಚಾವಣಿ ಉಳ್ಳವರಿಗೆ. ಪಟ್ಟಣಗಳ ಇಕ್ಕಟ್ಟಾದ ಓಣಿಗಳಲ್ಲಿ, ಒಂದೇ ಕಟ್ಟಡದ ಹಲವು ಕೋಣೆಗಳಲ್ಲಿ ಬಾಡಿಗೆಗಿರುವ ಕುಟುಂಬಗಳಿಗೆ ಚಾವಣಿ ಎಲ್ಲಿಂದ ಬರಬೇಕು? ಜರ್ಮನಿ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಎರಡು ದಶಕ ತೆಗೆದುಕೊಂಡಿತು. ಬಾಲ್ಕನಿಯ ಕಂಬಿಗೆ ತೂಗುಹಾಕಿ ನೇರವಾಗಿ ಪ್ಲಗ್‌ಗೆ ಜೋಡಿಸುವ ಸಣ್ಣ ಫಲಕಗಳಿಗೆ ಅಲ್ಲಿ 2024ರಲ್ಲಿ ನಿಯಮಗಳನ್ನು ಸಡಿಲಿಸಲಾಯಿತು. ಮನೆಯೊಡೆಯ ಸಕಾರಣವಿಲ್ಲದೆ ಬೇಡವೆನ್ನದಂತೆ ಬಾಡಿಗೆದಾರನಿಗೆ ಹಕ್ಕು ಕೊಡಲಾಯಿತು. 2025ರ ಮಧ್ಯಭಾಗದ ವೇಳೆಗೆ ಇಂತಹ ಹತ್ತು ಲಕ್ಷ ಫಲಕಗಳು ನೋಂದಣಿಯಾದುವು.